ಕ್ಷಣಕಾಲದ ಮೈಮರೆವನ್ನು ಅಲಕ್ಷಿಸಬೇಡಿ

ಉಣ್ಣುತ್ತಿರುವ ಮಗು ಹಠಾತ್ತನೆ ದೃಷ್ಟಿ ನೆಟ್ಟು, ಕೂಗಿದರೂ ಮುಟ್ಟಿದರೂ ಓಗೊಡದೆ, ಹತ್ತಾರು ಸೆಕೆಂಡುಗಳ ಬಳಿಕ ಏನೂ ಆಗದಂತೆ ಊಟ ಮುಂದುವರಿಸುವುದುಂಟು. ಇದನ್ನು ಉದಾಸೀನವೆಂದು ಗದರಿಸಬೇಡಿ; ಭೂತದ ಉಪದ್ರವವೆಂದು ಅಂಜಲೂಬೇಡಿ. ಮಿದುಳಿನ ವಿದ್ಯುತ್ ಚಟುವಟಿಕೆಯು ಕ್ಷಣಕಾಲ ಅಸ್ತವ್ಯಸ್ತವಾಗುವ ಅಪಸ್ಮಾರದ ಒಂದು ರೂಪ ಇದಾಗಿರಬಹುದು. ಮುಟ್ಟಿದೊಡನೆ ಎಚ್ಚರಗೊಂಡರೆ ಅದು ಬಹುಶಃ ಬರಿಯ ಹಗಲುಗನಸು.

ವಯಸ್ಕರಲ್ಲಿ ಅಪಸ್ಮಾರವಲ್ಲದೆ ರಕ್ತದೊತ್ತಡದ ಇಳಿತ, ಹೃದಯಬಡಿತದ ಏರುಪೇರು, ಸಕ್ಕರೆಕಾಯಿಲೆಯ ಔಷಧಿ ಸೇವಿಸಿ ಊಟ ಬಿಡುವುದು ಇವೂ ಕಾರಣವಾಗಬಹುದು. ಕಂಡವರು ಅದರ ಅವಧಿಯನ್ನೂ ಕಣ್ಣು, ಕೈಗಳ ಚಲನೆಯನ್ನೂ ಗಮನಿಸಿ ವೈದ್ಯರಿಗೆ ತಿಳಿಸಬೇಕು. ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಗತ್ಯವಾದರೆ ಉಡುಪಿ ಅಥವಾ ಮಣಿಪಾಲದಲ್ಲಿ ತಜ್ಞರ ಪರೀಕ್ಷೆ ಮಾಡಿಸಬಹುದು.

ರೋಗವು ಹತೋಟಿಗೆ ಬರುವವರೆಗೆ ಕಾಪುವಿನ ಕಡಲಿಗಿಳಿಯುವುದು, ಕಾರ್ಕಳದ ತೋಟಗಳಲ್ಲಿ ಅಡಕೆಮರ ಏರುವುದು, ಕಟ್ಟೆಯಿಲ್ಲದ ಬಾವಿಯಲ್ಲಿ ನೀರು ಸೇದುವುದು, ವಾಹನ ನಡೆಸುವುದು ಸಲ್ಲದು.

ದಂಪತಿಗಳೇ, ಪರಸ್ಪರ ರೋಗವನ್ನು ಮುಚ್ಚಿಡಬೇಡಿ. ಹಿಂದೂ ವಿವಾಹ ಕಾಯಿದೆಯು ಅಪಸ್ಮಾರವನ್ನು ವಿವಾಹಕ್ಕೆ ಅಡ್ಡಿಯೆಂದು ಪರಿಗಣಿಸುತ್ತಿದ್ದ ಅಂಶವನ್ನು 1999ರಲ್ಲಿ ಕೈಬಿಡಲಾಗಿದೆ. ವಾಲ್‌ಪ್ರೋಯೇಟ್ ಎಂಬ ಔಷಧಿಯು ಗರ್ಭಸ್ಥ ಶಿಶುವಿಗೆ ಹಾನಿಕರ. ಆದುದರಿಂದ ಗರ್ಭಧಾರಣೆಗೆ ಮುನ್ನವೇ ವೈದ್ಯರ ಸಲಹೆ ಪಡೆಯಿರಿ. ಯಾವ ಮಾತ್ರೆಯನ್ನೂ ಸ್ವತಃ ನಿಲ್ಲಿಸಕೂಡದು. ಗರ್ಭಿಣಿಗೆ ಸೆಳವು ಬಂದರೆ, ಯಾರಿಗಾದರೂ ಸೆಳವು 5 ನಿಮಿಷ ಮೀರಿದರೆ, ಇಲ್ಲವೆ ಮಾತು ತೊದಲಿ ಕೈ ಸೋತರೆ ಕೂಡಲೇ 108ಕ್ಕೆ ಕರೆಮಾಡಿ.

ನಾಚಿಕೆಯಿಂದ ರೋಗ ಗುಣವಾಗದು. ಸಕಾಲದ ಚಿಕಿತ್ಸೆಯಿಂದ ಬಾಳು ಹಸನಾದೀತು.