ಲಾರಿ ರಿಪೇರಿಯ ಹೊತ್ತು ಯಾವ ಕಾಲಮಿಗೆ?



ಅಡಿಕೆ, ಕಾಫಿ ಬೆಳೆಯುವ ನಮಗೂ ಯಾದಗಿರಿ, ಶಹಾಪುರ, ಸುರಪುರದ ಎರೆಭೂಮಿಗೂ ಏನು ನಂಟು ಎಂದು ಹೊಸ ಸದಸ್ಯರು ಕೇಳಬಹುದು. ಕುರಿಗೊಬ್ಬರದ ನಂಟು. ನಮ್ಮಲ್ಲಿ ಕೆಲವರು ಪಾಲು ಹಾಕಿ ಲಾರಿ ಇಟ್ಟುಕೊಂಡು ಆ ಕಡೆಯಿಂದ ಗೊಬ್ಬರ ತರಿಸುತ್ತೇವೆ. ಗೊಬ್ಬರದ ದರ, ಡೀಸೆಲ್, ಹಮಾಲಿ ಇವನ್ನೆಲ್ಲ ಕಾಸು ಬಿಡದೆ ಬರೆದಿಡುತ್ತೇವೆ. ಚಾಲಕನ ಕೆಲಸದ ಹೊತ್ತು ಬರೆಯುವ ಪುಸ್ತಕ ಮಾತ್ರ ಬೇಕಾಬಿಟ್ಟಿ. ಅದರಲ್ಲೂ ಲಾರಿಯ ಆರೈಕೆಗೆ, ರಿಪೇರಿಗೆ ಹೋದ ಹೊತ್ತು ಒಂದೋ ದಾಖಲೇ ಆಗುವುದಿಲ್ಲ, ಇಲ್ಲವೇ 'ವಿಶ್ರಾಂತಿ' ಎಂಬ ಕಾಲಮಿಗೆ ಬೀಳುತ್ತದೆ.

ನಾವೇ ಮಾಡಿದ ತಪ್ಪಿನಿಂದ ಶುರು ಮಾಡುವುದು ನ್ಯಾಯ. ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ರಾತ್ರಿ, ಗೊಬ್ಬರ ತುಂಬಿದ ನಮ್ಮ ಲಾರಿ ಸುರಪುರ ದಾಟಿ, ತಿಂಥಣಿಯ ಕೃಷ್ಣಾ ಸೇತುವೆಗೆ ಮುಂಚೆ ರಸ್ತೆ ಬಿಟ್ಟು ಹೊಲಕ್ಕೆ ಇಳಿಯಿತು. ಕ್ಲೀನರನ ಭುಜದ ಎಲುಬು ಮುರಿಯಿತು. ಚಾಲಕ ತೂಕಡಿಸಿದ್ದ. ಪುಸ್ತಕ ತೆರೆದು ನೋಡಿದರೆ ಅಂದು ಮಧ್ಯಾಹ್ನ ಅವನಿಗೆ ನಾಲ್ಕು ಗಂಟೆ ವಿಶ್ರಾಂತಿ! ಬರೆದವರು ನಾವೇ. "ಲಾರಿ ನಿಂತಿದೆ" ಎಂದು ಅವನು ಫೋನಿನಲ್ಲಿ ಹೇಳಿದ, ನಾವು ವಿಶ್ರಾಂತಿ ಎಂದು ಬರೆದೆವು. ಆ ಹೊತ್ತಿನಲ್ಲಿ ಅವನು ಮಲಗಿದ್ದೇನೋ ನಿಜ, ಆದರೆ ಲಾರಿಯ ಅಡಿಯಲ್ಲಿ, ಸ್ಪ್ರಿಂಗ್ ಪಟ್ಟಿ ಬಿಚ್ಚುವ ಮೆಕ್ಯಾನಿಕನಿಗೆ ಪಾನಾ ಕೊಡುತ್ತ.

ಕಾನೂನು ಈ ವಿಷಯದಲ್ಲಿ ಬಹಳ ಹಿಂದೆಯೇ ಸ್ಪಷ್ಟವಾಗಿ ಮಾತಾಡಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯ ಪ್ರಕಾರ, ಕೆಲಸಗಾರನು ಮಾಲೀಕನ ಕೈಕೆಳಗೆ ಸಿದ್ಧನಾಗಿರುವ ಹೊತ್ತೆಲ್ಲ ಕೆಲಸದ ಹೊತ್ತೇ. ಗಾಡಿ ಓಡುವ ಸಮಯವಲ್ಲದೆ 'ಉಪಕೆಲಸ'ವೂ ಅದರಲ್ಲಿ ಸೇರಿತ್ತು. ಗಾಡಿಯ ಆರೈಕೆ ಮತ್ತು ದುರಸ್ತಿ, ಸರಕು ಏರಿಸಿ ಇಳಿಸುವುದು, ರಿಜಿಸ್ಟರಿಗೆ ಸಹಿ ಹಾಕುವುದು, ಇವೆಲ್ಲ ಉಪಕೆಲಸ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮಿತಿ. ಐದು ಗಂಟೆ ಕೆಲಸದ ನಂತರ ಅರ್ಧ ಗಂಟೆಯಾದರೂ ಬಿಡುವು. ಆ ಕಾಯಿದೆ ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗೆ ಮಾತ್ರ, ಒಂದೇ ಲಾರಿಯ ನಮಗೆ ಏಕೆ ಎನ್ನುವವರು ಇದ್ದರು. 1988ರ ಮೋಟಾರು ವಾಹನ ಕಾಯಿದೆಯ 91ನೆಯ ಕಲಮು ಸಾರಿಗೆ ವಾಹನ ನಡೆಸುವ ಯಾರಿಗೇ ಆಗಲಿ ಅದೇ ಲೆಕ್ಕವನ್ನು ಅನ್ವಯಿಸಿ ಆ ಬಾಗಿಲು ಮುಚ್ಚಿತು. 1961ರ ಕಾಯಿದೆಯ ಜಾಗಕ್ಕೆ ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಅದು ಜಾರಿಯಾದದ್ದು 2025ರ ನವೆಂಬರ್ 21ರಂದು. ದಿನಕ್ಕೆ 8 ಗಂಟೆಯ ಮಿತಿ ಅದರಲ್ಲೂ ಇದೆ.

ಈಗ ಒಂದು ದಿನದ ಲೆಕ್ಕ ಹಾಕೋಣ. ಚಾಲಕ ಬೆಳಿಗ್ಗೆ 6ಕ್ಕೆ ಯಾದಗಿರಿಯಲ್ಲಿ ಕೆಲಸಕ್ಕೆ ನಿಂತ. ಆಯಿಲ್, ನೀರು, ಟೈರಿನ ಗಾಳಿ ನೋಡಿ, ಚಕ್ರದ ನಟ್ಟುಗಳನ್ನು ಬಿಗಿದು ಹೊರಡುವಾಗ 6-40. ಶಹಾಪುರಕ್ಕೆ 7-40. ಅಲ್ಲಿ ಗೊಬ್ಬರ ತುಂಬಿಸುವುದಕ್ಕೆ ಎರಡು ಗಂಟೆ. 9-40ರಿಂದ 10-20ರವರೆಗೆ ತಿಂಡಿ, ಇದು ನಿಜವಾದ ಬಿಡುವು. 11-10ಕ್ಕೆ ಸುರಪುರದ ಬಳಿ ಬರುವಷ್ಟರಲ್ಲಿ ಪಟ್ಟಿ ಮುರಿದಿದೆ. ಗ್ಯಾರೇಜಿನಲ್ಲಿ ಮೂರು ಗಂಟೆ, ಚಾಲಕ ಲಾರಿಯ ಜೊತೆಗೇ. ಹೊರಗೆ ಬಂದಾಗ 2-10.

ಸ್ಟಿಯರಿಂಗ್ ಹಿಡಿದ ಹೊತ್ತು ಮಾತ್ರ ಬರೆದರೆ ಒಟ್ಟು 1 ಗಂಟೆ 50 ನಿಮಿಷ. ಇನ್ನೂ ಆರು ಗಂಟೆಗೂ ಮಿಕ್ಕಿ ಓಡಿಸಬಹುದು ಎಂದು ಪುಸ್ತಕ ಹೇಳುತ್ತದೆ. ಎಲ್ಲವನ್ನೂ ಬರೆದರೆ? ಆರೈಕೆ 40 ನಿಮಿಷ, ಓಟ 1 ಗಂಟೆ 50 ನಿಮಿಷ, ತುಂಬಿಸುವುದು 2 ಗಂಟೆ, ರಿಪೇರಿ 3 ಗಂಟೆ. ಕೂಡಿದರೆ ಏಳೂವರೆ ಗಂಟೆ. ಉಳಿದದ್ದು ಅರ್ಧ ಗಂಟೆ. ಆ ಮನುಷ್ಯ ಅಂದು ಲಿಂಗಸುಗೂರು, ಸಿಂಧನೂರು ದಾಟುವ ಮಾತೇ ಇಲ್ಲ. ಹತ್ತಿರದಲ್ಲಿ ಊಟ ಮಾಡಿ ಮಲಗಬೇಕು. ಗೊಬ್ಬರ ಒಂದು ದಿನ ತಡವಾದರೆ ತೋಟ ಒಣಗುವುದಿಲ್ಲ.

ವಾಹನ ಕೆಟ್ಟು ನಿಂತಾಗ ಮಿತಿ ಸಡಿಲವಲ್ಲವೇ ಎಂದು ಒಬ್ಬ ಸದಸ್ಯರು ಕೇಳಿದರು. ಹಳೆಯ ಕಾಯಿದೆಯಲ್ಲಿ ಅಂಥ ಸಡಿಲಿಕೆ ಷರತ್ತಿನ ಮೇಲೆ ಇತ್ತು. ಆದರೆ ಅದನ್ನು ಹೇಳಿಕೊಳ್ಳಬೇಕಾದರೂ ಗಾಡಿ ಕೆಟ್ಟದ್ದು ಎಷ್ಟು ಹೊತ್ತಿಗೆ, ಸರಿಯಾದದ್ದು ಎಷ್ಟಕ್ಕೆ ಎಂಬುದು ಪುಸ್ತಕದಲ್ಲಿ ಇರಬೇಕಲ್ಲವೇ?

ಗೊಂದಲ ಹುಟ್ಟುವುದು ಗ್ಯಾರೇಜಿನಲ್ಲಿ ಬರಿದೆ ಕಾಯುವ ಹೊತ್ತಿಗೆ. ನಾವು ಹಿಡಿದ ಸೂತ್ರ ಸರಳ. ಗಾಡಿ ಬಿಟ್ಟು ಎಲ್ಲಿಗಾದರೂ ಹೋಗಲು ಅವನಿಗೆ ಬಿಡುಗಡೆ ಇತ್ತೇ? ಬೀಗದ ಕೈ ಮೆಕ್ಯಾನಿಕನಿಗೆ ಕೊಟ್ಟು, ನಾಳೆ ಬೆಳಿಗ್ಗೆ ಬಾ ಎನ್ನಿಸಿಕೊಂಡು ಲಾಡ್ಜಿನಲ್ಲಿ ಮಲಗಿದರೆ ವಿಶ್ರಾಂತಿ. ಸರಕು ಕಾಯುತ್ತ, ಕರೆದಾಗ ಏಳುತ್ತ, ಬೇವಿನ ಮರದಡಿ ಕೂತಿದ್ದರೆ ಕೆಲಸ. ಅಮೆರಿಕದ ಲಾರಿ ನಿಯಮಗಳೂ ಗಾಡಿಯ ತಪಾಸಣೆ, ರಿಪೇರಿ, ಕೆಟ್ಟ ಗಾಡಿಯ ಬಳಿ ಕಾದಿರುವುದು ಇವನ್ನೆಲ್ಲ ಕೆಲಸವೆಂದೇ ಎಣಿಸುತ್ತವೆ. ಯುರೋಪಿನ ಲಾರಿಗಳಲ್ಲಿ ಹೊತ್ತು ದಾಖಲಿಸುವ ಟ್ಯಾಕೋಗ್ರಾಫ್ ಯಂತ್ರದಲ್ಲಿ ಓಟವಲ್ಲದ ಕೆಲಸಕ್ಕೆ ಅಡ್ಡಡ್ಡ ಇಟ್ಟ ಎರಡು ಸುತ್ತಿಗೆಯ ಗುರುತೇ ಇದೆ. ನಮ್ಮ ಪುಸ್ತಕಕ್ಕೂ ಆ ಸುತ್ತಿಗೆಯನ್ನು ಎರವಲು ತಂದಿದ್ದೇವೆ. ಓದು ಕಡಿಮೆಯಿರುವ ಚಾಲಕರಿಗೆ ಇದು ಬಹಳ ಅನುಕೂಲ.

ಪುಸ್ತಕ ದೊಡ್ಡದೇನೂ ಬೇಡ. ಇಷ್ಟರಿಂದ, ಇಷ್ಟರವರೆಗೆ, ಊರು, ಮೀಟರಿನ ಕಿಲೋಮೀಟರು, ಕೆಲಸ, ಈ ಐದು ಗೆರೆ ಸಾಕು. ಆರಂಭದ ಮತ್ತು ಮುಕ್ತಾಯದ ಮೀಟರು ಒಂದೇ ಇದ್ದರೆ ಗಾಡಿ ನಿಂತಿತ್ತೆಂದು ತಾನೇ ತಿಳಿಯುತ್ತದೆ. ಏಕೆ ನಿಂತಿತ್ತು ಎಂಬುದನ್ನು ಒಂದೇ ಮಾತಿನಲ್ಲಿ ಬರೆಯಿರಿ, 'ಪಂಕ್ಚರ್, ಎಡ ಹಿಂದಿನ ಚಕ್ರ' ಎಂಬಂತೆ. ಆರು ತಿಂಗಳ ಪುಟ ತಿರುವಿದಾಗ ಅದೇ ಪಟ್ಟಿ ಮೂರು ಸಲ ಮುರಿದದ್ದು ನಮ್ಮ ಕಣ್ಣಿಗೆ ಬಿತ್ತು. ತಪ್ಪು ಪಟ್ಟಿಯದಲ್ಲ, ಮಿತಿ ಮೀರಿ ತುಂಬಿಸುತ್ತಿದ್ದ ನಮ್ಮದೇ.

ಬರೆಯುವುದು ಆಯಾ ಜಾಗದಲ್ಲೇ, ಚಾಲಕನ ಕೈಯಿಂದಲೇ ಆಗಬೇಕು. ಊರಿಗೆ ಬಂದ ಮೇಲೆ ನೆನಪಿನಿಂದ ತುಂಬಿಸಿದರೆ ರಿಪೇರಿಯ ಹೊತ್ತೇ ಮೊದಲು ಮರೆಯುವುದು. ಮತ್ತೆ, ಆ ಹೊತ್ತಿಗೆ ಕೂಲಿ ಕೊಡದ ಮಾಲೀಕನ ಪುಸ್ತಕದಲ್ಲಿ ಯಾವ ಚಾಲಕನೂ ಅದನ್ನು ಬರೆಯಲು ಬೇಸರಪಡದೆ ಇರಲಾರ. ನಾವು ಈಗ ಸುತ್ತಿಗೆಯ ಗುರುತಿನ ಗಂಟೆಗೂ ಓಟದ ಗಂಟೆಯಷ್ಟೇ ಲೆಕ್ಕ ಕಟ್ಟುತ್ತೇವೆ. ಪುಸ್ತಕವನ್ನು ದಾರ ಕಟ್ಟಿದ ಪೆನ್ನಿನ ಜೊತೆ ಚಾಲಕನ ಬಾಗಿಲಿನ ಒಳಗೆ ತೂಗುಹಾಕಿದ್ದೇವೆ. ಡಬ್ಬಿಯಲ್ಲಿ ಇಟ್ಟರೆ ಗ್ರೀಸು ಮೆತ್ತಿ ಅಕ್ಷರ ಕಾಣದಾಗುತ್ತದೆ.