ದೊಡ್ಡರೋಗ ಹೋದದ್ದು ಹೇಗೆ?



ದೊಡ್ಡರೋಗ ಹೊಕ್ಕ ಕೊಟ್ಟಿಗೆ ಬರಿದಾಗುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಜ್ವರ, ಬಾಯಿಹುಣ್ಣು, ನೀರಿನಂಥ ಭೇದಿ, ಕೆಲವೇ ದಿನಗಳಲ್ಲಿ ಸಾವು. ವಾಸಿಮಾಡುವ ಔಷಧಿ ಇರಲಿಲ್ಲ. ತಡೆಯುವ ಲಸಿಕೆ ಇತ್ತು.

1954ರಲ್ಲಿ ದೇಶದಲ್ಲಿ ಸಾಮೂಹಿಕ ಲಸಿಕೆ ಆರಂಭವಾಯಿತು. ರೋಗ ಬಹಳ ತಗ್ಗಿತು. ಆದರೆ ಲಸಿಕೆ ತಪ್ಪಿದ ರಾಸುಗಳಲ್ಲಿ ಉಳಿದುಕೊಂಡು ದಕ್ಷಿಣದ ರಾಜ್ಯಗಳಲ್ಲಿ ಮತ್ತೆ ಮತ್ತೆ ತಲೆಯೆತ್ತಿತು. 1992ರಲ್ಲಿ ನಿರ್ಮೂಲನಾ ಯೋಜನೆ ಬಂದಿತು. 1995ರ ನಂತರ ದೇಶದಲ್ಲಿ ಈ ರೋಗ ಕಂಡಿಲ್ಲ. ಆದರೂ ಹಳ್ಳಿಗಳಲ್ಲಿ ರೋಗದ ಹುಡುಕಾಟ ನಿಲ್ಲಲಿಲ್ಲ. 2006ರಲ್ಲಿ ಭಾರತ, 2011ರಲ್ಲಿ ಇಡೀ ಜಗತ್ತು ದೊಡ್ಡರೋಗದಿಂದ ಮುಕ್ತವೆಂದು ಘೋಷಣೆಯಾಯಿತು.

ಈಗ ನಮ್ಮ ಮುಂದಿರುವುದು ಕಾಲುಬಾಯಿ ಬೇನೆ. ಇದರ ವೈರಾಣುವಿನಲ್ಲಿ ಹಲವು ಬಗೆ. ಲಸಿಕೆಯ ರಕ್ಷಣೆ ಸುಮಾರು ಆರು ತಿಂಗಳು ಮಾತ್ರ. ಆದ್ದರಿಂದ ಇಟ್ಟಿಗಿ ಭಾಗದ ಸದಸ್ಯರು ಇಷ್ಟನ್ನು ಪಾಲಿಸಬೇಕು:

1. ನಾಲ್ಕು ತಿಂಗಳು ತುಂಬಿದ ಕರುವಿಗೆ ಮೊದಲ ಲಸಿಕೆ, ತಿಂಗಳ ನಂತರ ಇನ್ನೊಮ್ಮೆ ಹಾಕಿಸಿ.
2. ಆಮೇಲೆ ಆರು ತಿಂಗಳಿಗೊಮ್ಮೆ ತಪ್ಪಿಸಬೇಡಿ.
3. ಹಾಲು ಕಡಿಮೆಯಾದೀತೆಂದು ಹಿಂಜರಿಯಬೇಡಿ. ಲಸಿಕೆಯಿಂದ ತಗ್ಗಿದ ಹಾಲು ಕೆಲವು ದಿನಗಳಲ್ಲಿ ಮರಳುತ್ತದೆ; ಬೇನೆಯಿಂದ ಹೋದ ಹಾಲು ಆ ಸೂಲಿನಲ್ಲಿ ಪೂರ್ತಿ ಮರಳುವುದು ಅಪರೂಪ.

ಊರಲ್ಲಿ ಬೇನೆ ಕಾಣದಿದ್ದಾಗಲೂ ಲಸಿಕೆ ಹಾಕಿಸಿ. ಬಿಟ್ಟುಹೋದ ಒಂದು ರಾಸು ಸಾಕು, ಬೇನೆಗೆ ದಾರಿಯಾಗಲು.