ಹಳೆಯ ಕಂಪ್ಯೂಟರಿಗೆ ಲಿನಕ್ಸ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಅರ್ಹವಲ್ಲ. ಹಾಗೆಂದು ಅವುಗಳನ್ನು ಗುಜರಿಗೆ ಹಾಕಬೇಕಾಗಿಲ್ಲ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ತಿರುಳನ್ನು ಆಧರಿಸಿದ ಉಬುಂಟು, ಮಿಂಟ್ ಮೊದಲಾದ ಮುಕ್ತ ವ್ಯವಸ್ಥೆಗಳನ್ನು ಹಣ ತೆರದೆಯೇ ಪಡೆಯಬಹುದು.

ಸ್ಥಾಪಿಸುವ ಮೊದಲೇ ಪರೀಕ್ಷಿಸಬಹುದೆಂಬುದೇ ಇವುಗಳ ಸೊಗಸು. ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ಬರೆದು ಅದರಿಂದಲೇ ಯಂತ್ರವನ್ನು ಆರಂಭಿಸಿದರೆ, ನಾವು ಮಾಡುವ ಬದಲಾವಣೆಗಳು ಸಾಮಾನ್ಯವಾಗಿ ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ನಿಲ್ಲುವುವು. ಅಲ್ಲಿ ಒಂದೊಂದು ಬಿಟ್ಟೂ ಅತಿ ಸೂಕ್ಷ್ಮವಾದ ಕೆಪಾಸಿಟರಿನಲ್ಲಿ ವಿದ್ಯುದಾವೇಶವಾಗಿರುವುದು. ಆವೇಶವು ಸೋರುತ್ತಲೇ ಇರುವುದರಿಂದ ಸೆಕೆಂಡಿಗೆ ಹಲವು ಬಾರಿ ಅದನ್ನು ಮರಳಿ ತುಂಬಬೇಕು. ವಿದ್ಯುತ್ತು ನಿಂತರೆ ಎಲ್ಲವೂ ಅಳಿಯುವುದು. ನಾವಾಗಿ ಕೈಹಾಕದಿದ್ದರೆ ಡಿಸ್ಕಿನಲ್ಲಿರುವ ವಿಂಡೋಸ್ ಹಾಗೆಯೇ ಉಳಿದಿರುವುದು. ವೈಫೈ, ಧ್ವನಿ, ಪ್ರಿಂಟರು, ಕನ್ನಡದ ಬೆರಳಚ್ಚು ಇವನ್ನೆಲ್ಲ ಆಗಲೇ ನೋಡಿಕೊಳ್ಳತಕ್ಕದ್ದು.

ಸ್ಥಾಪನೆಯ ಮಾತೇ ಬೇರೆ. ಇಡೀ ಡಿಸ್ಕನ್ನು ಅಳಿಸುವ ಆಯ್ಕೆಯನ್ನು ಒತ್ತಿದರೆ ಮಕ್ಕಳ ಭಾವಚಿತ್ರಗಳೂ ಹೋಗುವುವು. ಮುಂಚಿತವಾಗಿ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ಪ್ರತಿಮಾಡಿ, ಇನ್ನೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ನಾವು ಪ್ರತಿಯೆಂದೇ ಎಣಿಸುವುದಿಲ್ಲ. ವಿಂಡೋಸಿನಲ್ಲಿ ಮಾತ್ರ ನಡೆಯುವ ಲೆಕ್ಕಪತ್ರದ ತಂತ್ರಾಂಶವನ್ನು ನೆಚ್ಚಿದವರು ಎರಡು ವ್ಯವಸ್ಥೆಗಳನ್ನೂ ಇಟ್ಟುಕೊಂಡು, ಹಳೆಯದನ್ನು ಅಂತರ್ಜಾಲಕ್ಕೆ ಜೋಡಿಸದೆ ಬಳಸುವುದು ಲೇಸು.